ಬೈಂಡಿಂಗ್ ಕಾಕಾ ಮತ್ತು ಹನ್ನೊಂದು ಫಾರ್ಮುಗಳು

ಕಳೆದ ವಾರ ನಮ್ಮ ಆಫೀಸಿನ ಝೆರಾಕ್ಸ್ ಯಂತ್ರ ರಿಪೇರಿಯಾಗಿ ಬಂತು. ಮೊದಲ ನಾಲ್ಕು ಹಾಳೆಗಳು ಬಿಸಿಬಿಸಿಯಾಗಿ ಹೊರಬಿದ್ದವು. ಎತ್ತಿಕೊಂಡೆ. ಸುಟ್ಟ ಶಾಯಿಪುಡಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಳೆಗಳನ್ನು ಕೆಳಗಿಟ್ಟು ಗಟಗಟನೆ ನೀರು ಕುಡಿದೆ. ಪಕ್ಕದ ಮೇಜಿನವಳು “ಅಸಿಡಿಟಿ ಏನ್ರಿ?” ಎಂದು ಕೇಳಿದಳು. ಹೌದು ಅಂದೆ. ನಾನು ಗಬ್ಬೂರ ಬೈಪಾಸ್ ಹತ್ತಿರದ ಒಂದು ಸಾಗಣೆ ಕಂಪನಿಯ ಗೋದಾಮಿನಲ್ಲಿ ಕೆಲಸ ಮಾಡುವವಳು, ದಿನಕ್ಕೆ ನೂರು ಲಾರಿಗಳ ಕಾಗದಗಳು ನನ್ನ ಕೈಮೇಲೆ ಹೋಗುತ್ತವೆ. ಅಂಥವಳು ಬಿಸಿ ಹಾಳೆಯ ವಾಸನೆಗೆ ಅಂಜುತ್ತೇನೆ ಎಂದರೆ ಯಾರು ನಂಬುತ್ತಾರೆ...

ಅದು ನನ್ನ ಬಿಬಿಎ ಕೊನೆಯ ವರ್ಷದ ವಾಸನೆ. ಕೇಶ್ವಾಪುರದ ಒಂದು ಅಡ್ಡರಸ್ತೆಯಲ್ಲಿ, ಔಷಧಿ ಅಂಗಡಿಗೂ ಟೇಲರನ ಅಂಗಡಿಗೂ ನಡುವೆ ಒತ್ತಿಕೊಂಡು ಕೂತಿದ್ದ ಝೆರಾಕ್ಸ್ ಅಂಗಡಿಯ ವಾಸನೆ. ಅದರ ಮಾಲೀಕರನ್ನು ನಾವೆಲ್ಲ ಬೈಂಡಿಂಗ್ ಕಾಕಾ ಎನ್ನುತ್ತಿದ್ದೆವು. ಹದಿನೆಂಟು ವರ್ಷ ಲಾರಿ ಓಡಿಸಿದ ಮನುಷ್ಯ. ಸರಕು ಇಳಿಸುವಾಗ ಎಡಗಾಲಿನ ಮೇಲೆ ಪೆಟ್ಟಿಗೆ ಬಿದ್ದು, ಆಮೇಲೆ ಈ ಯಂತ್ರದ ಮುಂದೆ ಬಂದು ಕೂತಿದ್ದರು. ಎದ್ದು ನಡೆದರೆ ಕಾಲು ಎಳೆಯುತ್ತಿತ್ತು, ಕೂತರೆ ಬಾಯಿ ಓಡುತ್ತಿತ್ತು.

ನಾನು ಹೆಬ್ಬಳ್ಳಿಯಿಂದ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುತ್ತಿದ್ದೆ. ಅಂಜುಬುರುಕಿ ಎಂದರೆ ನನ್ನಂಥವಳನ್ನೇ ತೋರಿಸಬೇಕು. ಇಳಿಯುವ ಜಾಗ ಬಂತೆಂದು ಕಂಡಕ್ಟರನಿಗೆ ಕೂಗಿ ಹೇಳಲಿಕ್ಕಾಗದೆ ಮುಂದಿನ ಸ್ಟಾಪಿನಲ್ಲಿಳಿದು ನಡೆದು ಬಂದದ್ದಿದೆ. ಹಾಲ್ ಟಿಕೆಟ್ ಚೀಲದಲ್ಲಿದೆಯೇ ಎಂದು ಊರು ಬಿಡುವುದರೊಳಗೆ ನಾಲ್ಕು ಸಲ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಅದನ್ನು ಊರ ಮಠದ ಕಟ್ಟೆಯಲ್ಲಿ ಕೂತವರಿಗೆಲ್ಲ ಹೇಳಿ, ನನ್ನ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸಿದ್ದ.

ಐದನೇ ಸೆಮಿಸ್ಟರಿಗೆ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕಿತ್ತು. ಫೈನಾನ್ಸ್, ಮಾರ್ಕೆಟಿಂಗ್, ಎಚ್.ಆರ್., ಮತ್ತು ಹೊಸದಾಗಿ ಬಂದಿದ್ದ ಲಾಜಿಸ್ಟಿಕ್ಸ್. ಫಾರ್ಮಿನ ಒಂದು ಚೌಕದಲ್ಲಿ ಟಿಕ್ ಹಾಕಿದರೆ ಮುಗಿಯಿತು. ಆ ಟಿಕ್ಕಿಗಾಗಿ ನಾನು ಹನ್ನೆರಡು ದಿನ ಊಟ ಸೇರದೆ ಒದ್ದಾಡಿದೆ. ಫೈನಾನ್ಸ್ ಎಂದರೆ ಗಣಿತ, ಗಣಿತ ಎಂದರೆ ಬೆವರು. ಮಾರ್ಕೆಟಿಂಗಿನವರು ಗುರುತಿಲ್ಲದವರ ಹತ್ತಿರ ನಗುನಗುತ್ತ ಮಾತಾಡಬೇಕಂತೆ. ಎಚ್.ಆರ್.ಗೆ ಗೆಳತಿಯರೆಲ್ಲ ನುಗ್ಗಿ, ನಾನು ಯೋಚಿಸಿ ಮುಗಿಸುವುದರೊಳಗೆ ಸೀಟು ತುಂಬಿಹೋಗಿತ್ತು. ಉಳಿದದ್ದು ಲಾಜಿಸ್ಟಿಕ್ಸ್. ಆ ಫಾರ್ಮನ್ನು ಝೆರಾಕ್ಸ್ ಮಾಡಿಸಲು ಹೋದಾಗ ಕಾಕಾ ಅದನ್ನು ಓದಿದರು. ಕೈಗೆ ಬಂದದ್ದನ್ನೆಲ್ಲ ಓದುವ ಚಟ ಅವರಿಗೆ.

“ಲಾಜಿಸ್ಟಿಕ್ಸ್ ಅಂದ್ರ ಏನ್ ತಂಗಿ?”

“ಸರಕು ಒಂದ್ ಊರಿಂದ ಇನ್ನೊಂದ್ ಊರಿಗೆ ಮುಟ್ಟಸೂದ್ರಿ ಕಾಕಾ.”

“ಅದಕ್ಕೂ ಡಿಗ್ರಿ ಐತೇನು? ಹಂಗಾರ ನಾ ಹದಿನೆಂಟು ವರ್ಷ ಓದೇನಿ.”

ಹನ್ನೆರಡು ದಿನಗಳಲ್ಲಿ ಅವತ್ತೇ ನಾನು ನಕ್ಕದ್ದು.

ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್. ಒಂದು ವಿಷಯ ಹಿಡಿದು, ಪ್ರಶ್ನೆಗಳ ಫಾರ್ಮು ಮಾಡಿ, ಕನಿಷ್ಠ ಅರವತ್ತು ಜನರಿಂದ ತುಂಬಿಸಿ, ಗ್ರಾಫ್ ಹಾಕಿ, ಬೈಂಡ್ ಮಾಡಿಸಿ ಕೊಡಬೇಕು. ಆಮೇಲೆ ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ವೈವಾ. ಪ್ರಾಜೆಕ್ಟ್ ಹೋದರೆ ಫಲಿತಾಂಶವೇ ಇಲ್ಲ, ಇಡೀ ವರ್ಷ ಹೋದಂತೆ. ಆದರೆ ಅರವತ್ತು ಜನರನ್ನು ಹುಡುಕಿಕೊಂಡು ಅಲೆಯುವವರು ಯಾರು? ಕಾಕಾನ ಅಂಗಡಿಯ ಬೆಂಚಿನ ಮೇಲೆ ಕೂತು ನಾವೇ ತುಂಬುತ್ತಿದ್ದೆವು. ಹಿಂದಿನ ಬ್ಯಾಚಿನವರು ಕಲಿಸಿಕೊಟ್ಟ ಪದ್ಧತಿ ಅದು. ಒಬ್ಬರದೇ ಕೈ ಎಂದು ಗೊತ್ತಾಗಬಾರದೆಂದು ನೀಲಿ ಪೆನ್ನು, ಕಪ್ಪು ಪೆನ್ನು, ಜೆಲ್ ಪೆನ್ನು ಅದಲುಬದಲು. ಐದಾರು ಫಾರ್ಮು ಎಡಗೈಯಲ್ಲಿ. ಚಹಾದ ಕಲೆ ಬೀಳಿಸಿ, ಮಡಚಿ ಬಿಡಿಸಿ, ಊರೆಲ್ಲ ತಿರುಗಿ ಬಂದ ಕಳೆ ಕೊಡುವ ಕಲಾವಿದರೂ ನಮ್ಮಲ್ಲಿದ್ದರು. ಕಾಕಾ ಒಂದು ಬಿಸ್ಕಿಟ್ ಡಬ್ಬಿಯ ತುಂಬ ತರತರದ ಪೆನ್ನು ಇಟ್ಟು ಈ ಪುಣ್ಯಕಾರ್ಯದಲ್ಲಿ ತಾವೂ ಪಾಲು ಪಡೆದಿದ್ದರು.

ನನ್ನ ವಿಷಯ ಹುಬ್ಬಳ್ಳಿ ಸುತ್ತಲಿನ ಲಾರಿ ಚಾಲಕರ ಕೆಲಸದ ಪರಿಸ್ಥಿತಿ. ಲಾರಿ ನಿಲ್ಲುವ ಜಾಗಕ್ಕೆ ಹೋಗಿ ಗಂಡಸರನ್ನು ಮಾತಾಡಿಸುವುದು ನನ್ನ ಜನ್ಮದಲ್ಲಿ ಆಗುವ ಮಾತಾಗಿರಲಿಲ್ಲ. ಒಂದು ಗುರುವಾರ ಆ ಬೆಂಚಿನ ಮೇಲೆ ಕೂತು ಅರವತ್ತು ಚಾಲಕರನ್ನು ನಾನೇ ಹುಟ್ಟಿಸಿದೆ. ಮಂಗಳವಾರ ಸಲ್ಲಿಸುವ ಕೊನೆಯ ದಿನ. ಯಂತ್ರ ಬಿಸಿಯಾಗುವವರೆಗೆ ಕಾಕಾ ಫಾರ್ಮು ತಿರುವುತ್ತಿದ್ದರು. ನಾಲ್ಕನೆಯದಕ್ಕೆ ಕೈ ನಿಂತಿತು.

“ತಂಗಿ, ಇವ್ರೆಲ್ಲಾ ದಿನಾ ರಾತ್ರಿ ಏಳು ತಾಸು ನಿದ್ದಿ ಮಾಡ್ತಾರಂತಲ್ಲ. ಮತ್ತ ಲಾರಿ ಓಡಸಾವ್ರು ಯಾರು?”

ಅವರು ಕಟ್ಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

“ಶಾಂಪೂ ಬಗ್ಗೆ, ಮೊಬೈಲ್ ಬಗ್ಗೆ ಏನ್ ಬೇಕಾದ್ರೂ ಬರ್ಕೊಳ್ರಿ, ನಾ ತುಟಿ ಬಿಚ್ಚೂದಿಲ್ಲ. ಇದನ್ನ ಮಾತ್ರ ನನ್ನ ಕೈಲೆ ಬೈಂಡ್ ಮಾಡಸಬ್ಯಾಡ.”

ಇಂಥ ನ್ಯಾಯ ಎಲ್ಲಿಯದು ಎಂದು ನನಗೆ ಸಿಟ್ಟೇ ಬಂತು. ಹಿಂದಿನ ದಿನವಷ್ಟೇ ಗೆಳತಿಯ ನೂರು ಸುಳ್ಳು ಗೃಹಿಣಿಯರಿಗೆ ಚಿನ್ನದ ಬಣ್ಣದ ಅಕ್ಷರ ಹಾಕಿ ಬೈಂಡ್ ಮಾಡಿಕೊಟ್ಟ ಮನುಷ್ಯ! ಸಿಟ್ಟಿನ ಹಿಂದೆಯೇ ಅಳು ಬಂತು. “ಮಂಗಳವಾರ ಕಡೀ ದಿನಾರಿ ಕಾಕಾ” ಅಂದೆ.

“ನಡಕ ಐತವಾರ ಐತೆಲ್ಲ” ಅಂದರು.

ಭಾನುವಾರ ಬೆಳಿಗ್ಗೆ ಚರ್ಚಿನ ಪ್ರಾರ್ಥನೆ ಮುಗಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದರು. ಇಬ್ಬರೂ ಗಬ್ಬೂರಿಗೆ ಹೋದೆವು. ಬೈಪಾಸ್ ಪಕ್ಕದ ಬಯಲಿನಲ್ಲಿ ಸರಕು ಇಳಿಸಲು ಕಾಯುತ್ತ ಲಾರಿಗಳು ಸಾಲಾಗಿ ನಿಂತಿದ್ದವು, ಅವುಗಳ ನೆರಳಿನಲ್ಲಿ ಚಾಲಕರು ಅಡಿಗೆ ಮಾಡಿಕೊಳ್ಳುತ್ತಿದ್ದರು. ನಾನು ಕಾಕಾನ ಬೆನ್ನ ಹಿಂದೆಯೇ ನಿಂತೆ. ಕಾಕಾ ಒಬ್ಬೊಬ್ಬರನ್ನೂ ಹೆಗಲು ತಟ್ಟಿ ಕರೆದು, “ಇಕಿ ನಮ್ಮ ತಂಗಿ, ಕಾಲೇಜಿಂದ ಬಂದಾಳ, ಕೇಳಿದ್ದಕ್ಕ ಖರೇ ಹೇಳ್ರಿ” ಅಂದರು.

ನನ್ನ ಪ್ರಶ್ನೆಗಳೆಲ್ಲ ಅಲ್ಲಿ ದಿಕ್ಕಾಪಾಲಾದವು. ನಿದ್ದೆ ಎಷ್ಟು ತಾಸು ಎಂದರೆ, “ಓಡುವಾಗೋ, ನಿಂತಾಗೋ?” ಎಂದು ಅವರೇ ಕೇಳಿದರು. ಅದಕ್ಕೆ ಚೌಕವಿರಲಿಲ್ಲ. ಅವರು ಹೇಳಬೇಕೆಂದಿದ್ದ ಸಂಗತಿ ನನ್ನ ಫಾರ್ಮಿನಲ್ಲೇ ಇರಲಿಲ್ಲ. ಸರಕು ಇಳಿಸಲು ಎರಡು ದಿನ, ಮೂರು ದಿನ ಸರತಿ ಕಾಯಬೇಕು. ಸ್ನಾನಕ್ಕೆ ನೀರಿಲ್ಲ, ಪಾಯಖಾನೆಯಿಲ್ಲ. ಲಾರಿ ಕದಲಿಸಿದರೆ ಸರತಿ ಹೋಗುತ್ತದೆ. ತಲೆಗೆ ಟವೆಲ್ ಸುತ್ತಿಕೊಂಡಿದ್ದ ಒಬ್ಬ ಹಿರಿಯರು ಒಲೆಯ ಪಕ್ಕದಿಂದ ಎದ್ದು ಬಂದರು.

“ಸರತಿ ತಪ್ಪತೈತಿ ಅಂತ ನಮ್ಮವ್ವನ ಮಣ್ಣಿಗೆ ಹೋಗಲಿಲ್ರಿ ನಾ. ಬರ್ಕೊಳ್ರಿ ಅದನ್ನ.”

ಯಾವ ಪ್ರಶ್ನೆಯ ಕೆಳಗೆ ಬರೆಯಲಿ? ನಾನು ಪೆನ್ನು ಹಿಡಿದು ಕಾಕಾನ ಮುಖ ನೋಡಿದೆ. “ಹಾಳಿ ಹಿಂದ ಖಾಲಿ ಐತೆಲ್ಲ, ಅಲ್ಲಿ ಬರಿ” ಅಂದರು. ಬರೆದೆ. ಹನ್ನೊಂದು ಜನರ ಮಾತನ್ನು ಹನ್ನೊಂದು ಹಾಳೆಗಳ ಹಿಂಬದಿಯಲ್ಲಿ ಬರೆದೆ. ಐದನೆಯವರ ಹೊತ್ತಿಗೆ ನಾನೇ ಮರುಪ್ರಶ್ನೆ ಕೇಳುತ್ತಿದ್ದೆ. ಕಾಲೇಜಿನ ಮೂರು ವರ್ಷಗಳಲ್ಲಿ ನಾನು ಏನಾದರೂ ಕಲಿತೆ ಎನ್ನುವುದಾದರೆ ಅದು ಆ ಬಯಲಿನಲ್ಲಿ, ಆ ಮಧ್ಯಾಹ್ನ...

ಸೋಮವಾರ ಬೈಂಡಿಂಗ್ ಆಯಿತು. ಹನ್ನೊಂದು ನಿಜ, ನಲವತ್ತೊಂಬತ್ತು ನನ್ನದೇ ಸೃಷ್ಟಿ. “ಉಳದದ್ದು ನಿನ್ನ ಪಾಪ, ನನಗ ಹೇಳಬ್ಯಾಡ” ಎಂದು ಕಾಕಾ ಕಣ್ಣು ಮುಚ್ಚಿಕೊಂಡರು. ಆದರೆ ಆ ಹನ್ನೊಂದು ಹಾಳೆಗಳ ಎರಡೂ ಬದಿ ಪ್ರತಿ ಮಾಡಿ ವರದಿಯ ಕೊನೆಗೆ ಸೇರಿಸಿದರು. “ಡ್ರೈವರ್ ಮಾತು ಯುನಿವರ್ಸಿಟಿ ತನಕ ಹೊಂಟೈತಿ ನೋಡು” ಎಂದು ರಟ್ಟನ್ನು ಅಂಗೈಯಿಂದ ಒರೆಸಿ ಕೊಟ್ಟರು.

ಮಂಗಳವಾರ ನನ್ನ ಗೈಡ್ ಮೇಡಂ ಸಹಿ ಮಾಡುವ ಮೊದಲು ಕೊನೆಯ ಪುಟಗಳನ್ನು ತಿರುವಿದರು. “ಇದೇನಿದು, ಹಿಂದ ಮುಂದ ಕೈಬರಹ? ಫಾರ್ಮ್ಯಾಟ್‌ನ್ಯಾಗ ಇಲ್ಲ ಇದು. ತಗಸ್ಕೊಂಡು ಬಾ. ನಾಲ್ಕರ ಒಳಗ ತಂದ್ರ ಸಹಿ, ಇಲ್ಲಂದ್ರ ಮುಂದಿನ ವರ್ಷ” ಅಂದರು. ಆಗ ಎರಡೂವರೆ.

ಓಡಿದೆ. ಕಾಕಾನ ಅಂಗಡಿಯ ಬಾಗಿಲು ತೆರೆದಿತ್ತು, ಅವರು ಬೆನ್ನು ತಿರುಗಿಸಿ ಯಾರಿಗೋ ಹಾಳೆ ಜೋಡಿಸುತ್ತಿದ್ದರು. ಒಳಗೆ ಹೋಗಿ ಏನೆಂದು ಹೇಳಲಿ? ಹರಿದು ಕೊಡಿ ಎಂದೇ? ಒಂದು ಕ್ಷಣ ನಿಂತೆ... ಮತ್ತೆ ತಲೆ ತಗ್ಗಿಸಿ ಮುಂದೆ ಹೋಗಿಬಿಟ್ಟೆ. ರಸ್ತೆಯ ತುದಿಯಲ್ಲಿ ಇನ್ನೊಂದು ಬೈಂಡಿಂಗ್ ಅಂಗಡಿಯಿತ್ತು. ಅವನು ರಟ್ಟು ಕಿತ್ತ, ಹನ್ನೊಂದು ಹಾಳೆ ತೆಗೆದು ಪಕ್ಕಕ್ಕಿಟ್ಟ, ಮತ್ತೆ ಅಂಟಿಸಿದ. ಅಂಟು ಒಣಗುವವರೆಗೆ ನಾನು ಗಡಿಯಾರ ನೋಡುತ್ತ ಉಗುರು ಕಚ್ಚುತ್ತಿದ್ದೆ. ತೆಗೆದ ಹಾಳೆ ಎತ್ತಿಕೊಳ್ಳಬೇಕೆಂಬ ನೆನಪೂ ಆಗಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಸಹಿ ಬಿತ್ತು.

ಎರಡು ವಾರ ಕಳೆದು ವೈವಾ ಆಯಿತು. ಪರೀಕ್ಷಕರು ವರದಿಯ ಗ್ರಾಫ್ ನೋಡಿದರು, ಎರಡು ವ್ಯಾಖ್ಯೆ ಕೇಳಿದರು, ನಿಮ್ಮದು ಯಾವ ಊರು ಎಂದು ವಿಚಾರಿಸಿದರು, ಹೋಗಿ ಬನ್ನಿ ಅಂದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಿಟ್ಟುಸಿರಿಟ್ಟು ಬಸ್ ಸ್ಟಾಪಿಗೆ ಹೊರಟರೆ, ಕಾಕಾ ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತಪ್ಪಿಸಿಕೊಳ್ಳುವಂತಿರಲಿಲ್ಲ.

“ಹ್ಯಾಂಗಾತು ತಂಗಿ?”

“ಛಲೋ ಆತ್ರಿ ಕಾಕಾ.”

“ಡ್ರೈವರ್ ಮಾತು ಓದಿದ್ರೇನು?”

ನನ್ನ ಬಾಯಿಗೆ ಏನು ಬಂದಿತ್ತೋ ಕಾಣೆ. “ಓದಿದ್ರಿ. ಭಾಳ ಛಲೋ ಐತಿ ಅಂದ್ರು” ಅಂದುಬಿಟ್ಟೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ “ಛಲೋ ಆತು ಬಿಡು, ಮನಿಗೆ ಹೋಗಿ ಊಟಾ ಮಾಡು, ಮಾರಿ ಸಣ್ಣ ಆಗೇತಿ” ಅಂದರು.

ಪಾಸಾದೆ. ಅಪ್ಪ ಮಠದ ಕಟ್ಟೆಗೆ ಪೇಡೆ ಹಂಚಿದ. ನಾನು ಮಾತ್ರ ಆ ಅಡ್ಡರಸ್ತೆಯನ್ನೇ ಬಿಟ್ಟುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಕಾಕಾ ಗಬ್ಬೂರಿಗೆ ಹೋಗಿ ಆ ಹನ್ನೊಂದು ಜನರಿಗೆ ನನ್ನ ಸುಳ್ಳನ್ನು ಹೇಳಿಯೇ ಇರುತ್ತಾರೆ ಎಂದು ನೆನೆದಾಗೆಲ್ಲ ಮೈ ತಣ್ಣಗಾಗುತ್ತಿತ್ತು. ಕೇಶ್ವಾಪುರಕ್ಕೆ ಕೆಲಸವಿದ್ದರೂ ಸುತ್ತು ಹಾಕಿ ಹೋಗುತ್ತಿದ್ದೆ, ಮಾರ್ಕ್ಸ್ ಕಾರ್ಡುಗಳನ್ನು ಧಾರವಾಡದಲ್ಲಿ ಝೆರಾಕ್ಸ್ ಮಾಡಿಸುತ್ತಿದ್ದೆ. ಈ ಹಬ್ಬ ಕಳೆಯಲಿ, ಹೋಗಿ ಹೇಳಿಬಿಡುತ್ತೇನೆ. ನೌಕರಿ ಸಿಗಲಿ, ಮೊದಲ ಕೆಲಸ ಅದೇ... ಹೀಗೇ ಮೂರು ವರ್ಷ ದಾಟಿತು. ಕೊನೆಗೊಮ್ಮೆ ಧೈರ್ಯ ಮಾಡಿ ಹೋದರೆ ಶಟರ್ ಎಳೆದಿತ್ತು. ಪಕ್ಕದ ಟೇಲರ್ ಹೊಲಿಗೆ ನಿಲ್ಲಿಸಿ, “ಹೋಗಿ ಮೂರು ತಿಂಗಳಾತಲ್ರಿ. ಸಕ್ಕರಿ ಬ್ಯಾನಿ ಜಗ್ಗಿತ್ತು” ಅಂದ. ಸಮಾಧಿ ಎಲ್ಲಿದೆ ಎಂದು ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ಈ ಗೋದಾಮಿಗೆ ಸೇರಿ ಎಂಟು ತಿಂಗಳಾಯಿತು. ಝೆರಾಕ್ಸ್ ಯಂತ್ರ ರಿಪೇರಿಯಾದ ಮರುದಿನ ಮಧ್ಯಾಹ್ನ ದೂರದಿಂದ ಬಂದ ಲಾರಿಯೊಂದರ ಚಾಲಕರು ಕಾಗದ ತಂದು ನನ್ನ ಮೇಜಿನ ಮುಂದೆ ನಿಂತರು. ಕಾಗದ ಕೊಟ್ಟರೂ ಕೈ ಬಿಡದೆ ನನ್ನನ್ನೇ ನೋಡುತ್ತಿದ್ದರು.

“ನೀವು ನಮ್ಮ ಬೈಂಡಿಂಗ್ ಕಾಕಾನ ಸಂಗಾಟ ಬಂದಿದ್ರೆಲ್ರಿ, ಬರ್ಕೊಳ್ಳಾಕ?”

ಅವ್ವನ ಮಣ್ಣಿಗೆ ಹೋಗಲಾಗದ ಆ ಹಿರಿಯರು. ನಾನು ಎದ್ದು ನಿಂತೆ. ಕೂರಿಸಿದೆ. ಇಷ್ಟು ವರ್ಷ ಯಾರ ಮುಂದೆ ಹೇಳಬೇಕೆಂದಿದ್ದೆನೋ ಅವರಿಲ್ಲ, ಇವರಾದರೂ ಇದ್ದಾರಲ್ಲ ಎನ್ನಿಸಿ, “ನಿಮ್ಮ ಮಾತು ಯಾರೂ ಓದ್ಲಿಲ್ರಿ. ನಾನ ಆ ಹಾಳಿ ತಗಸಿದ್ದೆ. ಕಾಕಾಗ ಸುಳ್ಳ ಹೇಳಿದ್ದೆ” ಎಂದುಬಿಟ್ಟೆ.

ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ.

“ಅದು ಅಂವಗ ಗೊತ್ತಿತ್ರಿ. ಅವತ್ತ ಸಂಜೀಕ ಆ ತುದಿ ಅಂಗಡ್ಯಾಂವ ಹಾಳಿ ತಂದು ಕೊಟ್ಟಿದ್ನಂತ, ನಿನ್ನ ಗಿರಾಕಿ ಬಿಟ್ಟು ಹೋಗ್ಯಾಳ ಅಂತ. ನಮಗೂ ತೋರ್ಸಿದ್ದ.”

ಅವತ್ತು ಸಂಜೆ, ಎಂದರೆ ಸಹಿ ಬಿದ್ದ ಮಂಗಳವಾರವೇ. ಹಾಗಾದರೆ ವೈವಾ ಮುಗಿಸಿ ಬಂದ ನನ್ನನ್ನು ನಿಲ್ಲಿಸಿ “ಓದಿದ್ರೇನು?” ಎಂದು ಕೇಳಿದಾಗ, ಆ ಹಾಳೆಗಳು ಅವರ ಅಂಗಡಿಯಲ್ಲೇ ಇದ್ದವು.

“ಸಿಟ್ಟಾಗಿದ್ರೇನ್ರಿ?”

“ಯಾಕ ಸಿಟ್ಟ್ರಿ? ಅಂಜಬುರಕ ಪೋರಿ, ಇವತ್ತಲ್ಲ ನಾಳಿ ತಾನ ಬಂದು ಹೇಳ್ತಾಳ, ಬರ್ಲಿ ಅಂತಿದ್ದ.” ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಆಮ್ಯಾಲ ಹೋಗಿ ಹೇಳಿದ್ರಿಲ್ಲೋ ಮತ್ತ?”

ಅವರು ಸಹಜವಾಗಿಯೇ ಕೇಳಿದ್ದರು. ಹೇಳಿದೆ ಎಂದಿದ್ದರೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು, ಅದು ಸುಳ್ಳೆನ್ನಲು ಕಾಕಾ ಇರಲಿಲ್ಲ.

“ಇಲ್ರಿ” ಅಂದೆ. “ಹೋಗಲಿಲ್ಲ.”