ನಾಲ್ಕನೆಯ ಬೀಗ

ನಂಬಲೇಬೇಕೆಂದು ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡುವವರ ಪೈಕಿ ನಾನು. ಅಂಥವನ ಮಾತಿಗೆ ಏನು ಬೆಲೆ ಎಂದು ನೀವು ಕೇಳಬಹುದು. ಆದರೆ ಆ ರಾತ್ರಿ ಮುರಿದ ಹಲ್ಲು ಇವತ್ತಿಗೂ ನನ್ನ ಬಾಯಲ್ಲಿ ಮುರಿದೇ ಇದೆ. ರೇಣುಕಾಳ ಹಣೆಯ ಮೇಲೆ ಹೊಲಿಗೆಯ ಗುರುತಿದೆ. ಬರೀ ಹೆದರಿಕೆಯಿಂದ ಯಾರ ಹಲ್ಲೂ ಮುರಿಯುವುದಿಲ್ಲ...

ನಲವತ್ತಾರನೇ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೆ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕನಾಗಿದ್ದವನು ಹೊಸಪೇಟೆಗೆ ಬಂದು ಕೈಗಾರಿಕಾ ಸುರಕ್ಷತೆಯ ಸ್ನಾತಕೋತ್ತರ ಡಿಪ್ಲೊಮಾ ಸೇರಿದೆ. "ಮನ್ಯಾಗ ಕುಂತು ಸುಮ್ನ ಹೆದರೋದಕ್ಕಿಂತ ಸರ್ಟಿಫಿಕೇಟ್ ತಗೊಂಡು ಹೆದರ್ರಿ" ಎಂದು ಅರ್ಜಿ ತಂದುಕೊಟ್ಟವಳು ನನ್ನ ಹೆಂಡತಿಯೇ. ತರಗತಿಯಲ್ಲಿ ಉಳಿದವರಿಗೆಲ್ಲ ಇಪ್ಪತ್ತೆರಡು, ಇಪ್ಪತ್ಮೂರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಮೇಷ್ಟ್ರು ಬಂದರೆಂದು ಎಲ್ಲರೂ ಎದ್ದು ನಿಂತಿದ್ದರು. ಆಮೇಲೆ ನಾನು ಎಲ್ಲರ ಅಂಕಲ್ ಆದೆ.

ಅಂಕಲ್ ಜೊತೆ ಸದಾ ಇರುತ್ತಿದ್ದವರು ಇಬ್ಬರು. ರೇಣುಕಾ, ಎಮ್ಮಿಗನೂರಿನ ಭತ್ತದ ಗದ್ದೆಯವರ ಮಗಳು, ಮೆಕ್ಯಾನಿಕಲ್ ಇಂಜಿನಿಯರ್, ನಾಲಿಗೆ ಕುಡುಗೋಲು. ಇಮ್ರಾನ್, ಹೊಸಪೇಟೆ ಹುಡುಗ. ಅಪ್ಪ ಹಂಪಿಗೆ ಆಟೋ ಓಡಿಸುತ್ತಿದ್ದ. ಇಮ್ರಾನ್‌ನದು ಯಾವಾಗಲೂ ಜಲ್ದಿ. ಮಂಡಕ್ಕಿ ಒಗ್ಗರಣೆ ತಟ್ಟೆಯಲ್ಲಿ ನಾನು ಮೆಣಸಿನಕಾಯಿ ಹುಡುಕಿ ಬದಿಗಿಡುವಷ್ಟರಲ್ಲಿ ಅವನದು ಮುಗಿದು ನನ್ನ ಮಿರ್ಚಿಗೂ ಕೈ ಬಂದಿರುತ್ತಿತ್ತು.

ಕೊನೆಯ ತಿಂಗಳು ನಮ್ಮ ಮೂವರನ್ನೂ ಸಂಡೂರು ಗುಡ್ಡದ ಒಂದು ಅದಿರು ಪುಡಿ ಮಾಡುವ ಪ್ಲಾಂಟಿಗೆ ತರಬೇತಿಗೆ ಹಾಕಿದರು. ಹೆಸರು ಬೇಡ. ಅಲ್ಲಿ ಒಂದು ಕ್ರಷರ್ ಇತ್ತು. ಎರಡು ಉಕ್ಕಿನ ದವಡೆ. ಅದರ ಗಂಟಲಿಗೆ ಎಮ್ಮೆ ಗಾತ್ರದ ಬಂಡೆ ಬೀಳುತ್ತಿತ್ತು, ಕೆಳಗೆ ಬೆಲ್ಟ್ ಮೇಲೆ ಮುಷ್ಟಿ ಗಾತ್ರದ ಕಲ್ಲು ಬರುತ್ತಿತ್ತು. ಬಂಡೆಗೇ ಆ ಗತಿ. ಮನುಷ್ಯ ಬಿದ್ದರೆ... ನಾನು ಮೊದಲ ದಿನವೇ ಅದನ್ನು ಪೂರ್ತಿ ಕಲ್ಪಿಸಿಕೊಂಡು ಊಟ ಬಿಟ್ಟಿದ್ದೆ. ಕೆಂಪು ಧೂಳು ಒದ್ದೆಯಾದರೆ ಅಲ್ಲಿ ಬರುವ ವಾಸನೆ ರಕ್ತದ್ದೇ. ಕಬ್ಬಿಣ ಎರಡರಲ್ಲೂ ಇದೆಯಲ್ಲ ಅಂಕಲ್, ಎಂದು ರೇಣುಕಾ ಸಮಾಧಾನ ಹೇಳಿದ್ದಳು.

ಒಂದು ಪದ್ಧತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಯಂತ್ರದ ಒಳಗೆ ಇಳಿಯಬೇಕಾದರೆ ಮೊದಲು ಕರೆಂಟಿನ ದೊಡ್ಡ ಹಿಡಿಯನ್ನು ಕೆಳಗೆಳೆದು, ಅದಕ್ಕೆ ಆರು ತೂತಿನ ಕಬ್ಬಿಣದ ಕೊಂಡಿ ಸಿಕ್ಕಿಸುತ್ತಾರೆ. ಇಳಿಯುವ ಪ್ರತಿಯೊಬ್ಬರೂ ಒಂದೊಂದು ತೂತಿಗೆ ತಮ್ಮ ಸ್ವಂತ ಬೀಗ ಹಾಕಿ, ಕೀ ಕೊರಳಿಗೆ ಕಟ್ಟಿಕೊಂಡು ಹೋಗುತ್ತಾರೆ. ಹೊರಗೆ ಬಂದು ತಮ್ಮದನ್ನು ತಾವೇ ತೆಗೆಯಬೇಕು. ಒಂದು ಬೀಗ ಉಳಿದರೂ ಹಿಡಿ ಮೇಲೇಳುವುದಿಲ್ಲ, ಯಂತ್ರ ಓಡುವುದಿಲ್ಲ. ಬೀಗ ಇದೆ ಎಂದರೆ ಒಳಗೆ ಒಂದು ಜೀವ ಇದೆ. ಇನ್ನೊಬ್ಬರ ಬೀಗವನ್ನು ಯಾರೂ ಮುಟ್ಟುವುದಿಲ್ಲ. ಇಷ್ಟೇ.

ಆ ರಾತ್ರಿ ಚಳಿಗೆ ಗುಡ್ಡದ ಮೇಲೆಲ್ಲ ಮಂಜು ಕವಿದಿತ್ತು. ಕ್ರಷರಿನ ಗಂಟಲಲ್ಲಿ ಬಂಡೆಯೊಂದು ಅಡ್ಡ ಸಿಕ್ಕಿ ನಿಂತಿತು. ಕೆಳಗೆ ಲಾರಿಗಳ ಸಾಲು, ಹಾರ್ನಿನ ಗದ್ದಲ. ಪಾಳಿಯ ಫೋರ್‌ಮನ್ ಹುಲುಗಪ್ಪ, ದೊಡ್ಡ ಆಳು, ಬೈಯುತ್ತಲೇ ಮಷಿನ್ ನಿಲ್ಲಿಸಿದ. ಫಿಟ್ಟರ್ ತಿಪ್ಪೇಶ, ಇಮ್ರಾನ್, ರೇಣುಕಾ ಮೂವರೂ ಬೀಗ ಹಾಕಿ ಇಳಿದರು. ನಾನು ಸ್ವಿಚ್ ರೂಮಿನಲ್ಲಿ ಬೀಗ ಕಾಯುವವನು. ಹೆದರುವವನಿಗೆ ಹೇಳಿ ಮಾಡಿಸಿದ ಕೆಲಸ. ಸ್ಟೂಲ್ ಎಳೆದುಕೊಂಡು ಕೊಂಡಿಯ ಎದುರಿಗೇ ಕೂತೆ. ಆ ಮೂರು ಕೆಂಪು ಬೀಗಗಳನ್ನು ಎಷ್ಟು ಸಲ ಎಣಿಸಿದೆನೋ ಲೆಕ್ಕವಿಲ್ಲ. ಮೂರೇ ಇದ್ದವು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಒಳಗೆ ಸುತ್ತಿಗೆ ಏಟು, ಹಾರೆಯ ಕಿರುಗುಟ್ಟುವಿಕೆ... ಕೊನೆಗೆ ಬಂಡೆ ಒಡೆದು ಧಡಧಡ ಉರುಳಿದ ಸದ್ದು. ಮೂವರೂ ಕೆಂಪು ಧೂಳು ಮೆತ್ತಿಕೊಂಡು ಬಂದರು. ತಿಪ್ಪೇಶ ತನ್ನ ಬೀಗ ತೆಗೆದ. ರೇಣುಕಾ ತೆಗೆದಳು. ಇಮ್ರಾನ್ ತೆಗೆದ.

ಕೊಂಡಿಯಲ್ಲಿ ಇನ್ನೊಂದು ಬೀಗ ಇತ್ತು.

ಹಳೆಯದು, ಹಿತ್ತಾಳೆಯದು, ಹೊಗೆ ಹಿಡಿದಂತೆ ಕಪ್ಪಾಗಿತ್ತು. ಯಾವುದೋ ಆಯುಧ ಪೂಜೆಯಲ್ಲಿ ಹಚ್ಚಿದ ವಿಭೂತಿ ಮಾಸಿಕೊಂಡಿತ್ತು. ಹೆಸರಿನ ಚೀಟಿ ಇರಲಿಲ್ಲ. ರೇಣುಕಾ ಬೆರಳು ತಾಗಿಸಿ ಕೈ ಹಿಂದಕ್ಕೆಳೆದಳು.

"ಬೆಚ್ಚಗ ಐತ್ರಿ ಅಂಕಲ್," ಎಂದಳು. "ಈಗ ಕಿಸೆಯಿಂದ ತೆಗದಂಗ."

ಯಾರು ಬಂದಿದ್ದರು ಎಂದು ನನ್ನನ್ನು ಕೇಳಿದರು. ಯಾರೂ ಬಂದಿಲ್ಲ ಎಂದೆ. ನಿದ್ದೆ ಹೋಗಿದ್ದಿರೇನು ಎಂದು ಇಮ್ರಾನ್ ನಕ್ಕ. ನಾನು ನನ್ನ ಮನೆಯಲ್ಲೇ ಸರಿಯಾಗಿ ನಿದ್ದೆ ಮಾಡುವವನಲ್ಲ. ತಿಪ್ಪೇಶ ಮಾತ್ರ ಬೀಗದ ಕಡೆ ನೋಡಿದ, ಎರಡೂ ಕೈ ಮುಗಿದ, ಹೆಲ್ಮೆಟ್ ಕೆಳಗಿಟ್ಟು ಹೊರಗೆ ಹೋದ. ಆಮೇಲೆ ಆ ರಾತ್ರಿ ಅವನು ಕಾಣಲೇ ಇಲ್ಲ.

ಹುಲುಗಪ್ಪ ಬಂದು ನೋಡಿದ. ಅವನ ಕಪ್ಪು ಮುಖ ಬೂದಿಯಾದದ್ದನ್ನು ನಾನು ಕಂಡೆ. ಇದು ಯಾರೋ ಆಡಿದ ಆಟ, ಕತ್ತರಿಸಿ ಒಗೀತೀನಿ ಎಂದ. ಒಳಗೆ ಒಮ್ಮೆ ನೋಡಿ ಬರೋಣ ಎಂದು ನಾನು ಹೇಳುತ್ತಿರುವಾಗಲೇ ಅದು ಕೇಳಿತು.

ಠಣ್... ಠಣ್...

ಕ್ರಷರಿನ ಗಂಟಲಿನೊಳಗಿಂದ. ಒಳಗಿರುವವರು, ನಾನಿದ್ದೇನೆ ಎಂದು ತಿಳಿಸಲು ತಗಡಿಗೆ ಸ್ಪ್ಯಾನರ್ ಬಡಿಯುವ ಸದ್ದು. ನಮಗೆಲ್ಲ ಅದನ್ನು ಮೊದಲ ದಿನವೇ ಕಲಿಸಿದ್ದರು.

"ಕಲ್ಲು ಸರಿಯೋ ಸಪ್ಪಳ ಅದು," ಎಂದ ಹುಲುಗಪ್ಪ, ಮತ್ತು ಕಟರ್ ತರಲು ಸ್ಟೋರಿನತ್ತ ಬಹುತೇಕ ಓಡಿದ.

ನಾನು ನನ್ನ ಜೀವನದ ಏಕೈಕ ವೀರ ಕೃತ್ಯ ಮಾಡಿದೆ. ಜೇಬಿನಿಂದ ನನ್ನ ಬೀಗ ತೆಗೆದು ಆ ಹಿತ್ತಾಳೆ ಬೀಗದ ಪಕ್ಕದ ತೂತಿಗೆ ಹಾಕಿದೆ. ಧೈರ್ಯದಿಂದ ಅಲ್ಲ; ಎರಡು ಸಲ ತೂತೇ ತಪ್ಪಿತು. ಇಮ್ರಾನ್ ಅಷ್ಟರಲ್ಲಿ ಟಾರ್ಚ್ ಹಿಡಿದು ಹೊರಟಿದ್ದ. ಯಾರೋ ಸಿಕ್ಕಿಕೊಂಡಾರ, ನೋಡಿ ಬರ್ತೀನಿ ಎಂದ. ನಿನ್ನ ಬೀಗ ಹಾಕಿ ಹೋಗೋ ಎಂದು ರೇಣುಕಾ ಕೂಗಿದಳು.

"ಎರಡು ಅದಾವಲ್ಲ ಲೇ," ಎನ್ನುತ್ತಲೇ ಅವನು ಕತ್ತಲೊಳಗೆ ಇಳಿದುಬಿಟ್ಟ.

ಇದು ಸುರಕ್ಷತೆಯ ಪಾಠ ಓದಿದ ನಮ್ಮಂಥವರು ಮಾತ್ರ ಮಾಡುವ ತಪ್ಪು. ಬೀಗದ ಮೇಲೆ ಪರೀಕ್ಷೆ ಬರೆದು ತರಗತಿಗೇ ಮೊದಲು ಬಂದವನು, ಇನ್ನೊಬ್ಬರ ಬೀಗ ನಂಬಿ ಒಳಗೆ ಹೋದ.

ಹುಲುಗಪ್ಪ ಮೊಣಕೈ ಉದ್ದದ ಕಟರ್ ಹಿಡಿದು ಬಂದ. ಕೊಂಡಿಯಲ್ಲಿ ಎರಡು ಬೀಗ ಕಂಡು ನನ್ನ ಕಡೆ ತಿರುಗಿದ. ಒಳಗೆ ಇಮ್ರಾನ್ ಇದ್ದಾನೆ ಎಂದೆ. ಅವನು ಇಳಿದದ್ದನ್ನು ಹುಲುಗಪ್ಪ ನೋಡಿರಲಿಲ್ಲ. ಅವನ ಬೀಗ ಎಲ್ಲಿ ಎಂದು ಕೇಳಿದ. ಇರಲಿಲ್ಲವಲ್ಲ... ಏನು ತೋರಿಸಲಿ?

"ಸುಳ್ಳು ಹೇಳ್ತೀಯಾ ಮುದುಕ," ಎಂದ. ಆಮೇಲೆ ನನಗೆ ನೆನಪಿರುವುದು ಮುಷ್ಟಿ. ಬಾಯಿಯೊಳಗೆ ಏನೋ ಕಟ್ ಎಂದಿತು. ಗೋಡೆಗೆ ಬಡಿದು ಕೆಳಗೆ ಬಿದ್ದೆ. ಬೂಟುಗಾಲು ಪಕ್ಕೆಗೆ ಬಿತ್ತು, ಇನ್ನೊಮ್ಮೆ ಬಿತ್ತು. ಬಾಯಿ ತುಂಬ ಅದಿರಿನ ರುಚಿ. ರೇಣುಕಾ ಹಿಂದಿನಿಂದ ಅವನ ಕೊರಳಿಗೆ ಜೋತುಬಿದ್ದಳು. ಅವನು ಮೈ ಕೊಡವಿ ಅವಳನ್ನು ಕಬ್ಬಿಣದ ಬಾಗಿಲಿಗೆ ಎಸೆದ. ಹಣೆ ಸೀಳಿ ಅವಳ ಕಣ್ಣೆಲ್ಲ ರಕ್ತ. ಲಾರಿ ತಡವಾಯಿತೆಂದು ಯಾರೂ ಹೀಗೆ ಹೊಡೆಯುವುದಿಲ್ಲ. ಅವನು ಹೊಡೆಯುತ್ತಿದ್ದದ್ದು ನಮ್ಮನ್ನಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ನನ್ನ ಬೀಗವನ್ನು ಅವನು ಚಿಕ್ಕಿ ಮುರಿದಂತೆ ಒಂದೇ ಏಟಿಗೆ ಕತ್ತರಿಸಿದ. ಕಟರ್ ಹಿತ್ತಾಳೆ ಬೀಗಕ್ಕೆ ಹೋಯಿತು. ಅದೂ ತುಂಡಾದರೆ ಹಿಡಿ ಮೇಲಕ್ಕೆ, ಹಸಿರು ಗುಂಡಿ ಒಳಕ್ಕೆ, ದವಡೆ... ಅವುಗಳ ನಡುವೆ ಇಪ್ಪತ್ಮೂರು ವರ್ಷದ ಹುಡುಗ. ನಾನು ತೆವಳಿ ಹುಲುಗಪ್ಪನ ಕಾಲು ಹಿಡಿದೆ. ಒದ್ದ. ಮತ್ತೆ ಹಿಡಿದೆ.

ಅವನು ಕುತ್ತಿಗೆಯ ನರ ಉಬ್ಬುವಂತೆ ಅದುಮಿದ. ಬೀಗ ತುಂಡಾಗಲಿಲ್ಲ. ಹಿತ್ತಾಳೆ ಎಂದರೆ ಮೆತ್ತನೆ ಲೋಹ, ಸಣ್ಣ ಗರಗಸವೂ ಸಾಕು. ಮತ್ತೆ ಅದುಮಿದ. ಸಿಡಿಲಿನಂಥ ಸದ್ದು ಬಂತು, ಮುರಿದದ್ದು ಕಟರಿನ ಬಾಯಿ. ಉಕ್ಕಿನ ಚೂರು ಹಾರಿ ಅವನ ಕೆನ್ನೆಯನ್ನು ಕಣ್ಣ ಕೆಳಗಿನಿಂದ ತುಟಿಯವರೆಗೆ ಬಿಡಿಸಿತು. ಬಿಡಿಸಿತು ಎಂದೇ ಹೇಳಬೇಕು, ಒಳಗಿನ ಹಲ್ಲು ಕಂಡವು. ಆದರೂ ಅವನು ನಿಲ್ಲಲಿಲ್ಲ. ರಕ್ತದ ಕೈಯಲ್ಲೇ ಹಿಡಿಗೆ ಜೋತುಬಿದ್ದು ಮೇಲೆತ್ತಲು ನೋಡಿದ, ಏನೋ ಗೊಣಗುತ್ತ, ಅಳುತ್ತ. ಬೀಗ ಕಿರ್ ಎಂದಿತು. ಬಿಡಲಿಲ್ಲ.

ರೇಣುಕಾ ಕ್ರಷರಿನ ಗಂಟಲಿನ ಬಾಯಿಗೆ ಹೋಗಿ ಇಮ್ರಾನ್ ಹೆಸರು ಕೂಗುತ್ತಿದ್ದಳು. ಮೊದಲು ಟಾರ್ಚಿನ ಬೆಳಕು, ಆಮೇಲೆ ಎರಡು ಕೈ ಬಂದವು. ಕೆಳಗಿನಿಂದ ಯಾರೋ ತಳ್ಳಿದ ಹಾಗೆ ಅವನು ಹೊರಗೆ ಬಂದು ಅವಳ ಮೇಲೆಯೇ ಬಿದ್ದ.

ಅದೇ ಹೊತ್ತಿಗೆ ಸ್ವಿಚ್ ರೂಮಿನಲ್ಲಿ ನನ್ನ ಮುಖದಿಂದ ಗೇಣು ದೂರದಲ್ಲಿ, ಟಕ್ ಎಂದಿತು. ಹಿತ್ತಾಳೆ ಬೀಗ ತಾನಾಗಿ ತೆರೆದು ಕೊಂಡಿಯಲ್ಲಿ ತೂಗಾಡುತ್ತಿತ್ತು. ಹುಲುಗಪ್ಪ ಅದನ್ನು ನೋಡಿದ, ಹಿಡಿ ಬಿಟ್ಟ, ಮೊಣಕಾಲೂರಿ ಕುಸಿದ.

ಕೀ ಯಾರೂ ಹಾಕಿರಲಿಲ್ಲ. ಆದರೆ ಪದ್ಧತಿ ನಿಮಗೂ ಈಗ ಗೊತ್ತು. ಒಳಗಿದ್ದವನು ಹೊರಗೆ ಬಂದ ಮೇಲಷ್ಟೇ ಅವನ ಬೀಗ ತೆರೆಯುತ್ತದೆ.

ಮ್ಯಾನೇಜರು ಬಂದರು, ಆಂಬುಲೆನ್ಸ್ ಬಂತು. ಆ ಗಡಿಬಿಡಿಯಲ್ಲಿ ಬೀಗ ಯಾರ ಕೈಗೆ ಹೋಯಿತೋ ತಿಳಿಯದು. ನಾವು ಹುಡುಕಿದೆವು, ಸಿಗಲಿಲ್ಲ.

ಇಮ್ರಾನ್ ಮಾತಾಡಿದ್ದು ಜೀಪಿನಲ್ಲಿ, ಗುಡ್ಡ ಅರ್ಧ ಇಳಿದ ಮೇಲೆ. ಒಳಗೆ ಯಾರೂ ಇರಲಿಲ್ಲವಂತೆ. ಎಲ್ಲ ಮೂಲೆಗೂ ಬೆಳಕು ಬಿಟ್ಟು ನೋಡಿ ತಿರುಗಿದಾಗ ಪಾದದ ಗಂಟನ್ನು ಯಾರೋ ಹಿಡಿದರು. ಗಟ್ಟಿ ಕೈ. ಅಲ್ಲಾಡಲು ಬಿಡಲಿಲ್ಲ. ಮೇಲೆ ನಾವು ಹೊಡೆದಾಡುವ ಸದ್ದು ಅವನಿಗೆ ಕೇಳುತ್ತಿತ್ತು. ಆಗ ಕಿವಿಯ ಹತ್ತಿರ, ತೀರಾ ಹತ್ತಿರ, ಮೆಲ್ಲಗೆ ಕೇಳಿದರಂತೆ...

"ನಿನ್ನ ಬೀಗ ಹಾಕೀಯೇನು?"

ಇಲ್ಲ ಎಂದನಂತೆ. ಆಮೇಲೆ ಆ ಕೈ ಅವನನ್ನು ಮೇಲಕ್ಕೆ ತಳ್ಳಿತು.

ಪ್ಯಾಂಟ್ ಎತ್ತಿ ತೋರಿಸಿದ. ಪಾದದ ಗಂಟಿನ ಸುತ್ತ ಐದು ಬೆರಳಿನ ಕೆಂಪು ಗುರುತು, ಅದಿರಿನ ಬಣ್ಣ. ಮದರಂಗಿಯ ಹಾಗೆ ಬಹಳ ದಿನ ಹೋಗಲಿಲ್ಲ.

ಹೊಸಪೇಟೆ ಬಂದು ಇಳಿಯುವಾಗಲೇ ನನಗೆ ಹೊಳೆದದ್ದು: ಜೀಪಿನ ಹಿಂಭಾಗದಲ್ಲಿ ಎದುರುಬದುರು ಎರಡು ಸೀಟು. ಮುರಿದ ಹಲ್ಲು, ಒಡೆದ ಹಣೆ, ಊದಿದ ಕಾಲು ಇಟ್ಟುಕೊಂಡು ನಾವು ಮೂವರೂ ದಾರಿಯುದ್ದಕ್ಕೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದೆವು. ಎದುರಿನ ಸೀಟು ಖಾಲಿ. ಯಾರೂ ಅತ್ತ ಕಾಲು ಕೂಡ ಚಾಚಿರಲಿಲ್ಲ.

ವಾರದ ಮೇಲೆ ಹುಲುಗಪ್ಪನನ್ನು ನೋಡಲು ಆಸ್ಪತ್ರೆಗೆ ಹೋದೆ. ಹೊಡೆದವನನ್ನು ನೋಡಲು ಮೂಸಂಬಿ ತಗೊಂಡು ಹೋಗುವ ಮನುಷ್ಯ ನಾನು, ಏನು ಮಾಡುವುದು. ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ಹಲ್ಲಿನ ಸಂದಿಯಿಂದ ಒಂದೇ ಮಾತು ಕೇಳಿದ.

"ಅಂವ ಹೊರಗ ಬಂದ್ನೇನ್ರಿ?"

ಬಂದ, ಇಮ್ರಾನ್ ಆರಾಮಾಗಿದ್ದಾನೆ ಎಂದೆ.

"ಇಮ್ರಾನ್ ಅಲ್ರಿ, ಹಿಂದ ನಾ ಬೀಗ ಕತ್ತರಿಸಿದಾಗ ಒಳಗ ಇದ್ದಂವ," ಎಂದು ಗೋಡೆಯ ಕಡೆ ಹೊರಳಿದ.

ಯಾರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೇನೋ. ಮೂಸಂಬಿ ಇಟ್ಟು ಎದ್ದು ಬಂದೆ.

ಈಗ ನಾನು ಬೇರೆ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ರೇಣುಕಾ, ಇಮ್ರಾನ್ ಕೂಡ ಅದೇ ಕೆಲಸದಲ್ಲಿದ್ದಾರೆ. ಇಮ್ರಾನ್ ಈಗ ಬೀಗ ಹಾಕದೆ ಏಣಿಯನ್ನೂ ಹತ್ತುವುದಿಲ್ಲ. ನನ್ನ ಪಾಳಿಯಲ್ಲಿ ಆರು ತೂತಿನ ಕೊಂಡಿಗೆ ಐದೇ ಬೀಗ ಹಾಕಿಸುತ್ತೇನೆ. ಕೊನೆಯದು ಖಾಲಿ ಬಿಡಬೇಕು. ಹುಡುಗರು ಕಾರಣ ಕೇಳಿದರೆ, ಸಾಹೇಬರ ಚಟ ಎಂದುಕೊಳ್ರಿ ಎನ್ನುತ್ತೇನೆ. ಅವರು ನಗುತ್ತಾರೆ, ನಗಲಿ.

ಮೊನ್ನೆ ರಾತ್ರಿ ಪಾಳಿ, ಮೈ ಕೊರೆಯುವ ಚಳಿ. ಐದೂ ಜನ ಹೊರಗೆ ಬಂದು ಐದೂ ಬೀಗ ತೆಗೆದಾಗಿತ್ತು. ಕೊಂಡಿ ಬಿಚ್ಚಿ ಕೈಗೆ ತೆಗೆದುಕೊಂಡೆ. ಕಬ್ಬಿಣ ಮಂಜುಗಡ್ಡೆಯ ಹಾಗಿತ್ತು.

ಆ ಖಾಲಿ ತೂತಿನ ಸುತ್ತ ಮಾತ್ರ ಬೆಚ್ಚಗಿತ್ತು...

ಹಿಡಿಯನ್ನು ಮೇಲೆತ್ತಲು ಹೇಳುವ ಮೊದಲು ನಾನು ಒಳಗೆ ಇಣುಕಿ, ಯಾರಿದ್ದೀರಿ ಎಂದು ಮೂರು ಸಲ ಕೂಗಿದೆ. ಉತ್ತರ ಬರಲಿಲ್ಲ. ಆದರೂ ಬೆಳಗಾಗುವವರೆಗೆ ಮಷಿನ್ ಓಡಿಸಲು ನಾನು ಬಿಡಲಿಲ್ಲ.