ಮಿಣುಕನಿಗೆ ಹೇಳಿಕೊಂಡ ಹರಕೆ

ಈಚಿನವರೆಗೂ ನನ್ನ ತಲೆಯ ಮೇಲೆ ಒಂದು ಹರಕೆ ಇತ್ತು. ನಮ್ಮ ಮಂಗಳೂರಿನಲ್ಲಿ ಅದೇನು ದೊಡ್ಡ ಸಂಗತಿಯಲ್ಲ, ಯಾರ ತಲೆಯ ಮೇಲೆ ಇಲ್ಲ ಹೇಳಿ. ನನ್ನ ಫಜೀತಿ ಏನೆಂದರೆ, ನಾನು ಹರಕೆ ಹೇಳಿಕೊಂಡ ದೇವರು ಈ ಲೋಕದಲ್ಲೇ ಇಲ್ಲ. ಅವನನ್ನು ನನ್ನ ಮಗಳು ಒಂದು ಆಟಕ್ಕಾಗಿ ಹುಟ್ಟಿಸಿದ್ದಳು.

ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನು ಪುಕ್ಕಲ. ಪಂಪ್‌ವೆಲ್‌ನಲ್ಲಿರುವ ನನ್ನ ಹಾರ್ಡ್‌ವೇರ್ ಅಂಗಡಿಗೆ ಬೀಗ ಹಾಕಿ, ಶಕ್ತಿನಗರದ ಮನೆ ಮುಟ್ಟಿ, ಚಪ್ಪಲಿ ಬಿಡುವಾಗ ಸಂಶಯ ಬಂದು, ಬೀಗ ಜಗ್ಗಿ ನೋಡಲು ಮತ್ತೆ ಹೋದದ್ದುಂಟು. ಬೀಗ ಮಾರುವವನಿಗೇ ಬೀಗದ ಮೇಲೆ ನಂಬಿಕೆಯಿಲ್ಲ ಎಂದು ಹೆಂಡತಿ ಸುಮತಿ ನಗುತ್ತಾಳೆ.

ಇಂಥವನನ್ನು ಮಗಳು ದೀಕ್ಷಾ ಆಟಕ್ಕೆ ಸೇರಿಸಿಕೊಂಡಳು. ಅವಳು ಫಿಸಿಯೋಥೆರಪಿಸ್ಟ್. ಭಾನುವಾರ ಸಂಜೆ ಇಬ್ಬರು ಗೆಳತಿಯರೊಂದಿಗೆ ನಮ್ಮ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ದಾಳ ಉರುಳಿಸಿ, ಕಥೆ ಕಟ್ಟುತ್ತಾ ಆಡುತ್ತಾಳೆ. ಆಟದಲ್ಲಿ ಹಲವು ಲೋಕಗಳು, ಹಲವು ದೇವರುಗಳು. ಎಷ್ಟು ಲೋಕಗಳಲ್ಲಿ ಎಷ್ಟು ಭಕ್ತರೋ ದೇವರಿಗೆ ಅಷ್ಟೇ ಬಲ. ಬೆಂಕಿಯ ದೇವರಿಗೆ ಒಂಬತ್ತು ಲೋಕಗಳಲ್ಲಿ ಭಕ್ತರಿದ್ದಾರೆ, ಅವನು ಕೆಮ್ಮಿದರೆ ಬೆಟ್ಟ ಕರಗುತ್ತದೆ. ಭಕ್ತರು ಮುಗಿದರೆ ದೇವರೂ ಮುಗಿದ. ನನಗೆ ಸಿಕ್ಕಿದ್ದು ಮಿಣುಕ ಎಂಬ ದೇವರ ಅರ್ಚಕನ ಪಾತ್ರ. ಕತ್ತಲಲ್ಲಿ ದಾರಿ ತೋರಿಸುವುದು ಮಿಣುಕನ ಕೆಲಸ, ಭಕ್ತರ ತಲೆಗೆ ನಾಲ್ಕು ಹೆಜ್ಜೆಯಂತೆ ಬೆಳಕು. ಎಲ್ಲ ಲೋಕಗಳನ್ನು ಸೇರಿಸಿದರೂ ಅವನಿಗಿದ್ದ ಭಕ್ತ ನಾನೊಬ್ಬನೇ, ಹಾಗಾಗಿ ನಾಲ್ಕೇ ಹೆಜ್ಜೆ. ನಾನು ಸತ್ತರೆ ಅವನೂ ನಂದಿಹೋಗುತ್ತಾನಲ್ಲ ಎಂಬ ಹೆದರಿಕೆಯಿಂದ, ಯುದ್ಧ ಬಂದಾಗಲೆಲ್ಲ ನನ್ನ ಅರ್ಚಕ ಮರದ ಹಿಂದೆ ನಿಲ್ಲುತ್ತಿದ್ದ.

"ಪಪ್ಪ, ಇದು ಆಟ," ಎನ್ನುತ್ತಿದ್ದಳು ದೀಕ್ಷಾ.

"ಆಟ ಆದ್ರೆ ಎಂತ? ಜವಾಬ್ದಾರಿ ಬೇಡ್ವಾ?" ಎನ್ನುತ್ತಿದ್ದೆ.

ನೋಡಿದರೆ ಭಕ್ತರಿದ್ದಷ್ಟೇ ದೇವರು ಎಂಬ ಈ ನಿಯಮ ನಮಗೆ ಹೊಸತೂ ಅಲ್ಲ. ನಮ್ಮ ಕುಟುಂಬದ ದೈವಕ್ಕೂ ಈಗ ಮೂರು ಲೋಕಗಳಲ್ಲಿ ಭಕ್ತರು. ಕೆಲವರು ಇಲ್ಲಿ, ಕೆಲವರು ಮುಂಬೈಯ ಹೋಟೆಲುಗಳಲ್ಲಿ, ಉಳಿದವರು ಗಲ್ಫಿನಲ್ಲಿ. ಮಸ್ಕತ್ತಿನ ಭಾವ ದೈವದ ಕೋಲ ನಡೆಯುವ ದಿನ ವಿಡಿಯೋ ಕಾಲ್‌ನಲ್ಲಿ ಕೈ ಮುಗಿದು ನಿಲ್ಲುತ್ತಾರೆ. ನೆಟ್‌ವರ್ಕ್ ಹೋದರೆ ಕೈ ಮುಗಿದ ಹಾಗೆಯೇ ಸ್ತಬ್ಧರಾಗುತ್ತಾರೆ. ಹಿರಿಯರ ಪ್ರಕಾರ ದೇವರಿಂದ ನಾವು, ಮಗಳ ಆಟದ ಪ್ರಕಾರ ನಮ್ಮಿಂದ ದೇವರು. ಎರಡೂ ಹೌದಿರಬೇಕು ಎಂದು, ಯಾರಿಗೂ ಬೇಸರವಾಗದ ಹಾಗೆ ತೀರ್ಮಾನಿಸಿಕೊಂಡಿದ್ದೆ.

ಆ ಹೊತ್ತಿಗೆ ಸುಮತಿಯ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಕಂಕನಾಡಿಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿಗೆ ಐದು ದಿನ. ಆ ಐದು ದಿನಗಳಲ್ಲಿ ಮೊಳೆ ಕೇಳಿದವರಿಗೆ ಸ್ಕ್ರೂ ಕೊಟ್ಟೆ, ಸ್ಕ್ರೂ ಕೇಳಿದವರ ಮುಖ ನೋಡಿದೆ. ಗೊತ್ತಿದ್ದ ದೇವರಿಗೆಲ್ಲ ಹರಕೆ ಹೇಳಿಕೊಂಡೆ. ಸುಮತಿ ಮಾತ್ರ ಏನೂ ಆಗದವಳಂತೆ ಬಟ್ಟೆ ಮಡಚುತ್ತಿದ್ದಳು, ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಗುತ್ತಿತ್ತು.

ರಿಪೋರ್ಟಿನ ದಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಹೊಸ ದಿಗಿಲು ಹುಟ್ಟಿತು. ಡಾಕ್ಟರ ಬಾಗಿಲಿನಲ್ಲೇ ಇಷ್ಟು ಜನ; ದೊಡ್ಡ ದೇವರುಗಳ ಬಾಗಿಲಿನಲ್ಲಿ ಎಷ್ಟಿರಬೇಡ? ನನ್ನ ಟೋಕನ್ ಎಷ್ಟನೆಯದೋ, ಸರದಿ ಬರುವಷ್ಟರಲ್ಲಿ ರಿಪೋರ್ಟು ಬಂದುಬಿಟ್ಟರೆ? ಕ್ಯೂ ಇಲ್ಲದ ದೇವರು ನನಗೆ ಗೊತ್ತಿದ್ದದ್ದು ಒಬ್ಬನೇ. ಕಣ್ಣು ಮುಚ್ಚಿ, ಮಿಣುಕಾ, ಇವಳನ್ನು ಉಳಿಸಿಕೊಡು, ಒಂದು ಡಬ್ಬ ಚಕ್ಕುಲಿ ಕೊಡುತ್ತೇನೆ ಎಂದೆ. ಆಗಲೇ ಹೆಸರು ಕರೆದರು. ಬೆಂಚಿನಿಂದ ಡಾಕ್ಟರ ಬಾಗಿಲಿಗೆ ಎಂಟು ಹೆಜ್ಜೆ, ಬೆಳಗ್ಗಿನಿಂದ ಹತ್ತಾರು ಸಲ ಅಳೆದಿದ್ದೆ. ಸುಮತಿಯ ಕೈ ಹಿಡಿದು ಹೊರಟೆ. ನಾಲ್ಕು ಹೆಜ್ಜೆಯಾದ ಮೇಲೆ ಕಾಲು ನಿಂತುಬಿಡುತ್ತದೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ.

ಕೆಟ್ಟದ್ದೇನೂ ಇಲ್ಲ ಎಂದರು ಡಾಕ್ಟರು. ಆರು ತಿಂಗಳು ಬಿಟ್ಟು ಮತ್ತೊಮ್ಮೆ ತೋರಿಸಬೇಕಂತೆ.

ಉಳಿದ ಹರಕೆಗಳನ್ನೆಲ್ಲ ತೀರಿಸಿದೆ. ಚಕ್ಕುಲಿ ಉಳಿಯಿತು. ನಮ್ಮಲ್ಲಿ ಹರಕೆ ಮರೆತರೆ, ಮುಂದೆ ಯಾರಿಗಾದರೂ ಜ್ವರ ಬಂದಾಗ ಜ್ಯೋತಿಷಿಗಳು ಕವಡೆ ಹಾಕಿ ಕಂಡುಹಿಡಿಯುತ್ತಾರೆ. ನನ್ನದನ್ನು ಕಂಡುಹಿಡಿದರೆ ಪಾಪ ಅವರ ಗತಿ ಏನು? ಮಿಣುಕನ ಗುಡಿ ಎಲ್ಲಿ, ಯಾವ ದಿಕ್ಕಿಗೆ ಕೈ ಮುಗಿಯಬೇಕು? ಚಕ್ಕುಲಿ ಡಬ್ಬ ಕೊಂಡು ಅಂಗಡಿಯ ಪೇಂಟ್ ಡಬ್ಬಗಳ ಹಿಂದೆ ಅಡಗಿಸಿಟ್ಟೆ. ಎರಡು ವಾರ ಅದು ಅಲ್ಲಿಂದಲೇ ನನ್ನನ್ನು ನೋಡುತ್ತಿತ್ತು. ಕೊನೆಗೆ ಒಂದು ಭಾನುವಾರ, ಗೆಳತಿಯರು ಬರುವ ಮೊದಲು, ಡಬ್ಬವನ್ನು ನಕ್ಷೆಯ ಮೇಲಿಟ್ಟು ದೀಕ್ಷಾಳಿಗೆ ಎಲ್ಲವನ್ನೂ ಹೇಳಿದೆ.

ನಗುತ್ತಾಳೆ ಎಂದುಕೊಂಡಿದ್ದೆ. ಅವಳು ದಾಳವನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೂತಳು.

"ಪಪ್ಪ, ಆ ದಿನ ನಂಗೆ ಡ್ಯೂಟಿ ಇತ್ತಲ್ವಾ. ನಾನೂ ಅವನಿಗೇ ಹೇಳ್ಕೊಂಡೆ."

"ನೀನಾ? ಅದು ನೀನೇ ಮಾಡಿದ ದೇವರಲ್ವಾ?"

"ಹೌದು. ಬೇರೆ ಯಾರೂ ನೆನಪಿಗೆ ಬರ್ಲಿಲ್ಲ."

ಅಂದರೆ ಆ ದಿನ ಮಿಣುಕನಿಗೆ ಈ ಲೋಕದಲ್ಲಿ ಇಬ್ಬರು ಭಕ್ತರಿದ್ದರು. ಇಬ್ಬರೆಂದರೆ ಎಂಟು ಹೆಜ್ಜೆ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಅಡುಗೆಮನೆಯಲ್ಲಿದ್ದ ಸುಮತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿಗೆ ಕೈ ಒರೆಸುತ್ತಾ ಬಂದಳು. "ಎಂತ ಮಾರಾಯ್ರೆ, ಗಂಟು ನನ್ನದು, ದೇವರು ಮಾತ್ರ ನಿಮ್ಮಿಬ್ಬರದ್ದಾ? ನನ್ನ ಹೆಸರೂ ಬರ್ಕೊಳ್ಳಿ." ಒಂದು ಚಕ್ಕುಲಿ ಮುರಿದು ಮೂಸಿ ನೋಡಿದಳು. "ದೇವರಿಗೆ ಇದನ್ನಾ ಕೊಡುದು? ಪೇಂಟ್ ವಾಸನೆ ಉಂಟು." ಮರುದಿನ ಅವಳೇ ಹೊಸದಾಗಿ ಚಕ್ಕುಲಿ ಮಾಡಿದಳು, ಹರಕೆ ತೀರಿತು.

ಈಗ ಮೂವರಾದೆವು, ಹನ್ನೆರಡು ಹೆಜ್ಜೆ. ಆದರೆ ನಮ್ಮ ಮನೆಯೆದುರಿನ ಸಿಟೌಟಿನಿಂದ ಗೇಟಿಗೇ ಇಪ್ಪತ್ತು ಹೆಜ್ಜೆ, ಅಳೆದು ನೋಡಿದ್ದೇನೆ. ಆರು ತಿಂಗಳಿಗೆ ಮತ್ತೆ ಕಂಕನಾಡಿಗೆ ಹೋಗುವಾಗ ಆ ಬೆಂಚನ್ನು ಎಷ್ಟು ದೂರಕ್ಕೆ ಸರಿಸಿರುತ್ತಾರೋ ಯಾರಿಗೆ ಗೊತ್ತು. ಪಕ್ಕದ ಮನೆಯ ಗಂಡ ಹೆಂಡತಿಗೆ ಒಂದು ತಟ್ಟೆ ಚಕ್ಕುಲಿ ಕೊಟ್ಟು ಬಂದಿದ್ದೇನೆ. ವಿಷಯವನ್ನು ನಿಧಾನವಾಗಿ ಎತ್ತಬೇಕು.