ಇನ್ನೂ ನಾಲ್ಕು ಜಿಬಿ

ಸಂಜೆ ಐದರೊಳಗೆ ಸಂಶೋಧನಾ ಪ್ರಬಂಧವನ್ನು ಗೈಡ್‌ಗೆ ಕಳಿಸದಿದ್ದರೆ ನನಗೆ ಸಿಕ್ಕಿದ್ದ ಎರಡನೇ ಗಡುವೂ ಮುಗಿಯುತ್ತಿತ್ತು. ಮೂರನೆಯದಿಲ್ಲ ಎಂದು ಅವರು ಮೊದಲೇ ಹೇಳಿದ್ದರು.

ಕೆರೆಗಳ ನಕಾಶೆಗಳಿದ್ದ ಅಧ್ಯಾಯವನ್ನು ತೆರೆದರೆ ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್ ಸ್ತಬ್ಧವಾಗುತ್ತಿತ್ತು. ಪರದೆ ಬಿಳಿಚಿಕೊಂಡು, ಹಾರ್ಡ್ ಡಿಸ್ಕ್ ಮಾತ್ರ ಕರಕರ ಎನ್ನುತ್ತಿತ್ತು. ಇದ್ದದ್ದು ಎರಡೇ ಜಿಬಿ ಮೆಮೊರಿ. ಅದು ತುಂಬಿದರೆ ಕಂಪ್ಯೂಟರ್ ಉಳಿದದ್ದನ್ನು ನಿಧಾನದ ಡಿಸ್ಕಿಗೆ ಹಾಕುತ್ತ ತೆಗೆಯುತ್ತ ಕೂರುತ್ತದೆ. ನಕಾಶೆಯ ಸಾಫ್ಟ್‌ವೇರ್ ಇದ್ದದ್ದು ಇದೊಂದರಲ್ಲೇ. ಬೆಳಿಗ್ಗೆಯೇ ಮಂಡಿ ಮೊಹಲ್ಲಾದ ರಿಪೇರಿ ಅಂಗಡಿಯಿಂದ ಮೆಮೊರಿ ಹೆಚ್ಚಿಸಲು ನಾಲ್ಕು ಜಿಬಿಯ ಹಳೆಯ ರ್‍ಯಾಮ್ ಪಟ್ಟಿಯೊಂದನ್ನು ಕೊಂಡು ತಂದಿದ್ದೆ.

ಎರಡು ಗಂಟೆಗೆ ಕಂಪ್ಯೂಟರಿನ ಮುಚ್ಚಳ ತೆಗೆದು ಅದನ್ನು ಒಳಗಿನ ಖಾಲಿ ಸ್ಲಾಟಿಗೆ ಒತ್ತಿ ಕೂರಿಸಿ ಸ್ವಿಚ್ ಹಾಕಿದೆ. ಉದ್ದನೆಯ ಬೀಪ್. ಪರದೆ ಕಪ್ಪು. ಇನ್ನೊಮ್ಮೆ ಹಾಕಿದರೂ ಅದೇ. ಅಂಗಡಿಯವರಿಗೆ ಫೋನ್ ಮಾಡಿದೆ.

"ಪಟ್ಟಿ ಚೆನ್ನಾಗೇ ಇದೆ ಮೇಡಂ, ಹಾಕಿ ನೋಡೇ ಕೊಟ್ಟಿದ್ದು. ಪವರ್ ತೆಗೆದ್ಬುಟ್ಟು ಪಿನ್ನಿಗೆ ಪೆನ್ಸಿಲ್ ರಬ್ಬರ್ ಉಜ್ಜಿ. ಸ್ಲಾಟಲ್ಲಿ ಧೂಳಿದ್ಯಾ ನೋಡಿ."

ಪವರ್ ತೆಗೆದು, ಪಟ್ಟಿ ಕಿತ್ತು, ಟಾರ್ಚ್ ಬಿಟ್ಟು ನೋಡಿದೆ. ಧೂಳಲ್ಲ. ಸ್ಲಾಟಿನ ಉದ್ದಕ್ಕೂ ಕೆಂಪು ಪುಡಿ, ನಡುವೆ ಒಂದು ಅಕ್ಷತೆಕಾಳು.

"ಅಮ್ಮಾ, ಆಯುಧಪೂಜೆ ದಿನ ಇದಕ್ಕೇನು ಮಾಡ್ದೆ?"

ಅಮ್ಮ ಅಡುಗೆಮನೆಯಿಂದ ಬಂದಳು. "ಕುಂಕುಮ ಇಟ್ಟೆ. ನೀನೇ ಧೂಳು ಹೊಡೆಯೋಕೆ ಅಂತ ಮುಚ್ಚಳ ತೆಗೆದಿಟ್ಟಿದ್ದೆ. ಹೊರಗಡೆ ಡಬ್ಬಕ್ಕೆ ಪೂಜೆ ಮಾಡಿದ್ರೆ ಏನು ಬಂತು, ಮೆಷಿನ್ನು ಒಳಗಿರೋದು ತಾನೇ?"

"ಒಳಗೆ ಸುರಿಯೋದಾ?"

"ಸುರೀಲಿಲ್ಲ ಕಣೇ, ಒಂದು ಚಿಟಿಕೆ. ಕೆಟ್ಟೋಯ್ತಾ?"

ಕಾಳನ್ನು ಸೂಜಿಯಿಂದ ಎಬ್ಬಿಸಿ ತೆಗೆದು, ಬಣ್ಣ ಬಳಿಯುವ ಬ್ರಶ್‌ನಿಂದ ಪುಡಿ ಗುಡಿಸತೊಡಗಿದೆ. ಅಮ್ಮ ಒಂದು ಕೈಯಲ್ಲಿ ಟಾರ್ಚ್ ಹಿಡಿದಿದ್ದಳು; ಬೆಳಕು ಅಲುಗುತ್ತಿತ್ತು.

"ಒಂದ್ಸಲ ಬೈದ್ಬುಡು ಅತ್ಲಾಗೆ. ಹಿಂಗೆ ಸುಮ್ನಿರ್ಬೇಡ."

"ಐದರೊಳಗೆ ಕಳಿಸ್ಬೇಕಮ್ಮ. ತಪ್ಪಿದ್ರೆ ಇನ್ನೊಂದು ಅವಕಾಶ ಇಲ್ಲ." ಮನೆಯಲ್ಲಿ ಇದನ್ನು ಹೇಳಿದ್ದು ಆಗಲೇ ಮೊದಲು. ಅಮ್ಮ ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದಳು.

ಪಿನ್ನಿಗೆ ರಬ್ಬರ್ ಉಜ್ಜಿ, ಪಟ್ಟಿಯನ್ನು ಮತ್ತೆ ಕೂರಿಸಿ ಸ್ವಿಚ್ ಹಾಕಿದಾಗ ಮೂರೂವರೆ. ಒಂದು ಚಿಕ್ಕ ಬೀಪ್ ಬಂದು ಪರದೆ ಬೆಳಗಿತು. ಆರು ಜಿಬಿ ಎಂದು ತೋರಿಸಿತು. ಆನ್ ಆಗಲು ಮೊದಲಿನಷ್ಟೇ ಹೊತ್ತು ಹಿಡಿಯಿತು; ಡಿಸ್ಕೂ ಪ್ರೊಸೆಸರೂ ಹಳೆಯವೇ. ಆದರೆ ಅಧ್ಯಾಯ ತೆರೆದು ಪುಟ ಸರಿಸಿದರೆ ಪುಟ ಸರಿಯಿತು. ಕೆರೆಗಳು ಒಂದರ ಹಿಂದೊಂದು ಬಂದವು.

ನಕಾಶೆಗಳನ್ನೆಲ್ಲ ಸೇರಿಸಿ ಪಿಡಿಎಫ್ ಮಾಡಿ ಕಳಿಸಿದಾಗ ಐದಕ್ಕೆ ಆರು ನಿಮಿಷವಿತ್ತು. ಕಾಲು ಗಂಟೆಯಾದ ಮೇಲೆ ಗೈಡ್ ಉತ್ತರ ಬರೆದರು: "ತಲುಪಿತು. ನಾಲ್ಕನೇ ನಕಾಶೆಗೆ ಅಳತೆಪಟ್ಟಿ ಇಲ್ಲ. ನಾಳೆ ಹಾಕಿ ಕಳಿಸಿ."

ನಾಳೆ ಎಂಬ ಪದವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ.